ಜಾವಳದ ಟಗರು

ಮಾವ ಹಗಲು ಹೊತ್ತಿನಲ್ಲಿ ಫೋನು ಮಾಡುವವರಲ್ಲ. ಆ ಮಧ್ಯಾಹ್ನ ರಾಯಚೂರಿನ ನಮ್ಮ ಲ್ಯಾಬಿನಲ್ಲಿ ನಾನು ಮಲೇರಿಯಾದ ಸ್ಲೈಡು ನೋಡುತ್ತಿದ್ದಾಗ ಮಸರಕಲ್‌ನಿಂದ ಅವರ ಫೋನು ಬಂತು.

“ಯವ್ವಾ ದೇವಿಕಾ, ನಿನ್ನ ಟಗರು ಮೇವು ಬಿಟ್ಟದ. ಬಾಯಾಗ ಹಲ್ಲು ಉಳದಿಲ್ಲ. ಒಮ್ಮೆ ಬಂದು ನೋಡಿ ಹೋಗು.”

“ಔಷಧ ಹಾಕಿಸಿದ್ರೇನ್ರೀ ಮಾವ?”

“ಮುಪ್ಪಿಗೆ ಏನ್ ಔಷಧ ಹಾಕಸ್ಲಿ ಯವ್ವಾ?”

ಫೋನು ಇಟ್ಟ ಮೇಲೆ ಆ ಸ್ಲೈಡನ್ನು ಮೊದಲಿನಿಂದ ನೋಡಬೇಕಾಯಿತು.

ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಬೇರೆ ಕುರಿಗಾರರ ಮನೆಗಳಲ್ಲಿ ನಾನು ಅದನ್ನು ಕಂಡಿಲ್ಲ. ಹುಡುಗಿಯ ಮದುವೆಯ ಹಂದರದಲ್ಲಿ ಅವಳ ಸೋದರಮಾವ ಅವಳ ಹೆಸರಿಗೆ ಒಂದು ಗಂಡು ಮರಿ ಕಟ್ಟುತ್ತಾನೆ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಮೊದಲ ಮಗುವಿನ ಜಾವಳದ ದಿನ, ಕೂದಲು ತೆಗೆಸಿದ ಮೇಲೆ, ಅದನ್ನು ಕೊಯ್ದು ಊರಿಗೆ ಊಟ ಹಾಕಬೇಕು. ಒಬ್ಬ ಹೆಣ್ಣಿಗೆ ಒಂದೇ ಟಗರು. ಜಾವಳಕ್ಕೆ ಮೊದಲೇ ಅದು ಸತ್ತರೆ ಅದೇ ಹೆಣ್ಣಿಗೆ ಎರಡನೆಯದನ್ನು ಕಟ್ಟುವುದಿಲ್ಲ. ಹೊಸ ಟಗರು ಬಂದರೆ ಹೊಸ ಸೊಸೆಯೊಂದಿಗೇ ಬರಬೇಕು.

ನನ್ನ ಸೋದರಮಾವ ದುರುಗಪ್ಪನೇ ನನ್ನ ಗಂಡನ ಅಪ್ಪ. ಅವರ ಮಗ ಅಮೋಘಸಿದ್ದನಿಗೆ ನನ್ನನ್ನು ಕೊಟ್ಟರು. ಹಾಗಾಗಿ ನನ್ನ ಟಗರು ತವರಿನದೂ ಆಯಿತು, ಗಂಡನ ಮನೆಯದೂ ಆಯಿತು. ಮಸರಕಲ್‌ನ ಹಟ್ಟಿಯಲ್ಲೇ ಬೆಳೆಯಿತು.

ಕುರಿಯ ವಯಸ್ಸನ್ನು ಕುರಿಗಾರರು ಹಲ್ಲಿನಲ್ಲಿ ಹೇಳುತ್ತಾರೆ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದರೆ ಅದು ಎರಡಲ್ಲು. ಮುಂದೆ ನಾಕಲ್ಲು, ಆರಲ್ಲು. ಬಾಯಿ ತುಂಬಿದ ಮೇಲೆ ಎಣಿಸುವುದನ್ನು ಬಿಡುತ್ತಾರೆ. ಅಷ್ಟು ದಿನ ಯಾರೂ ಟಗರನ್ನು ಇಟ್ಟುಕೊಳ್ಳುವುದಿಲ್ಲ. ನಮ್ಮಲ್ಲಿ ಜಾವಳದ ಟಗರು ನಾಕಲ್ಲು ದಾಟಿದ್ದು ಅಪರೂಪ. ನನ್ನದು ಬಾಯಿ ತುಂಬಿಸಿಕೊಂಡಿತು, ಹಲ್ಲು ಸವೆಸಿತು, ಒಂದೊಂದಾಗಿ ಉದುರಿಸಿತು. ನನ್ನ ಮದುವೆಯ ವರ್ಷಗಳನ್ನು ಊರವರು ಅದರ ಬಾಯಲ್ಲಿ ಎಣಿಸಿದರು. ಹಬ್ಬಕ್ಕೆ ಹೋದಾಗ ನಳದ ಹತ್ತಿರ ಪಕ್ಕದ ಮನೆಯ ಅನ್ನಮ್ಮ ಒಮ್ಮೆ ಎಲ್ಲರ ಮುಂದೆ ಅಂದಿದ್ದಳು: “ಏನ್ಬೇ ದೇವಿಕಾ, ರಾಯಚೂರಾಗ ದೊಡ್ಡ ದೊಡ್ಡ ಡಾಕ್ಟ್ರು ಅದಾರಂತಲ್ಲ. ನಿನ್ನ ಟಗರಿಗೆ ಹಲ್ಲಾರ ಕಟ್ಟಸ್ಕೊಂಡು ಬಾ!” ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೊಂದು ಮಾತು ಬರುತ್ತದೆ ಎಂದು ಗೊತ್ತಿತ್ತು.

ನಾನು ಬಿ.ಎಸ್ಸಿ. ಮುಗಿಸಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮಾಡಿದವಳು. ರಕ್ತ, ಮೂತ್ರ, ಕಫ, ವೀರ್ಯ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ವೀರ್ಯದ ಪರೀಕ್ಷೆಗೆ ಬರುವ ಗಂಡಸರು ಕೌಂಟರಿನಲ್ಲಿ ಕೂತ ಲತೀಫಾಳ ಮುಖ ನೋಡುವುದಿಲ್ಲ. ಚೀಟಿ ಮಡಿಚಿ ಅವಳ ಮುಂದಿಟ್ಟು ಗೋಡೆಯ ಕ್ಯಾಲೆಂಡರು ಓದುತ್ತ ನಿಲ್ಲುತ್ತಾರೆ. ಕೆಲವರು ಬರುವುದೇ ಇಲ್ಲ, ಹೆಂಡತಿಯರನ್ನು ಕಳಿಸುತ್ತಾರೆ. ಮೈಯ ಶಾಖ ಆರಬಾರದು ಎಂದು ನಾವು ಹೇಳಿರುತ್ತೇವಲ್ಲ, ಆ ಹೆಂಗಸರು ಡಬ್ಬಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡು ಮಟಮಾರಿಯಿಂದ, ಯಾಪಲದಿನ್ನಿಯಿಂದ ಬಸ್ಸಿನಲ್ಲಿ ನಿಂತು ಬರುತ್ತಾರೆ. “ಬಚ್ಚಾ ಆಗದಿದ್ರ ಬೈಸ್ಕೊಳ್ಳಾಕಿ ಇಕಿ, ಡಬ್ಬಿ ಹೊರಾಕಿನೂ ಇಕಿನ,” ಎಂದು ಲತೀಫಾ ಗೊಣಗುತ್ತಾಳೆ.

ನನ್ನ ಗಂಡನ ಡಬ್ಬಿಯನ್ನು ನಾನೂ ಹಾಗೇ ತಂದಿದ್ದೆ. ಮದುವೆಯಾಗಿ ಎರಡನೆಯ ವರ್ಷ. ಕವರ್‌ಸ್ಲಿಪ್ ಹಾಕಿ ನೋಡಿದೆ, ಏನೂ ಕಾಣಲಿಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡಿದೆ. ಸೂಕ್ಷ್ಮದರ್ಶಕದಡಿ ಸ್ಲೈಡು ಸರಿಸಿ ಸರಿಸಿ ನೋಡಿದೆ. ಒಂದೂ ವೀರ್ಯಾಣು ಇರಲಿಲ್ಲ, ಸತ್ತದ್ದು ಕೂಡ. ನಿಜ ಹೇಳಬೇಕೆಂದರೆ ನನಗೆ ಆಶ್ಚರ್ಯವಾಗಲಿಲ್ಲ. ಅಮೋಘಸಿದ್ದನ ವೃಷಣಗಳೆರಡೂ ಹುಟ್ಟಿನಿಂದ ಕೆಳಗಿಳಿದಿರಲಿಲ್ಲ. ಹೊಸದರಲ್ಲಿ ನಾಚಿಕೆ ಬಿಟ್ಟು ಕೇಳಿದಾಗ ಅವನು, “ಸಣ್ಣಾವಿದ್ದಾಗಿಂದ ಹಂಗ ಅದ. ಅಪ್ಪಗ ಗೊತ್ತದ. ಏನಾಗೋದಿಲ್ಲ ಅಂದಾನ,” ಎಂದಿದ್ದ. ವೃಷಣ ಮೈಯಿಂದ ಹೊರಗೆ ತೂಗುವುದಕ್ಕೆ ಕಾರಣವಿದೆ. ಮೈಗಿಂತ ಎರಡು ಮೂರು ಡಿಗ್ರಿ ತಂಪಿನಲ್ಲಿ ಮಾತ್ರ ವೀರ್ಯಾಣುಗಳು ಹುಟ್ಟುತ್ತವೆ. ಒಳಗೇ ಉಳಿದರೆ, ಗಂಡಸುತನಕ್ಕೆ ಕೊರತೆಯಿಲ್ಲ, ಮೀಸೆ ಬರುತ್ತದೆ, ತೋಳು ಬಲಿಯುತ್ತದೆ. ಆದರೆ ಆ ಬಿಸಿಯಲ್ಲಿ ವೀರ್ಯಾಣು ಹುಟ್ಟಿಸುವ ಕೋಶಗಳು ವರ್ಷ ವರ್ಷ ಸಾಯುತ್ತ ಹೋಗುತ್ತವೆ. ಮಗುವಿಗೆ ಎರಡು ವರ್ಷ ತುಂಬುವ ಮೊದಲು ಸಣ್ಣ ಆಪರೇಶನ್ ಮಾಡಿಸಿದ್ದರೆ ಉಳಿಯುವ ಸಾಧ್ಯತೆ ಇರುತ್ತಿತ್ತು.

ಹೈದರಾಬಾದಿಗೂ ಹೋಗಿ ಬಂದೆವು. ಅಲ್ಲಿ ಕೊಯ್ದು, ಒಳಗಿನ ಚೂರು ತೆಗೆದು ಹುಡುಕಿದರು. ಸಿಗಲಿಲ್ಲ. ಉಳಿದದ್ದನ್ನು ಕೆಳಗಿಳಿಸಿ ಹೊಲಿದು, ಮುಂದೆ ಗಂಟು ಬೆಳೆಯುವ ಭಯ ಇದೆ, ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ ಎಂದರು. ಊರಿಗೆ ಅಪೆಂಡಿಕ್ಸ್ ಎಂದು ಹೇಳಿದೆವು. ಬಸ್ಸಿನಲ್ಲಿ ಬರುವಾಗ ಅವನು ಒಂದೇ ಮಾತು ಕೇಳಿಕೊಂಡ: “ಅಪ್ಪಗ ಹೇಳಬ್ಯಾಡ.” ಅವನು ಸರ್ಕಾರಿ ಬಸ್ಸಿನ ಡ್ರೈವರು, ರಾಯಚೂರು-ದೇವದುರ್ಗ ರೂಟು. ಕುರಿಗಾರರ ಮನೆಯಲ್ಲಿ ಹುಟ್ಟಿ ಅಷ್ಟು ದೊಡ್ಡ ಗಾಡಿ ಓಡಿಸುವ ಮಗನೆಂದು ಮಾವನಿಗೆ ಹೆಮ್ಮೆ. ಮಸರಕಲ್‌ನಿಂದ ಹೊರಡುವವರು ಯಾರೇ ಇರಲಿ, “ನನ್ನ ಮಗನ ಗಾಡ್ಯಾಗ ಹೋಗ್ರಿ” ಎನ್ನುತ್ತಿದ್ದರು. ನಾನು ಹೇಳಲಿಲ್ಲ. ನಳದ ಹತ್ತಿರ ನಗುತ್ತ ಬಂದೆ.

ಮಾವನ ಫೋನು ಬಂದ ವಾರದೊಳಗೆ ಮಾನ್ವಿಯಿಂದ ಅವ್ವ ಬಂದಳು. ಚೀಲದಲ್ಲಿ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು. ನಾನು ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟವಳು ಅದನ್ನೇ ತಿರುಗಿಸುತ್ತ ಕೂತಳು.

“ನಿನ್ನ ಟಗರು ಉಳಿಯೋದಿಲ್ಲಂತ.”

“ಹೂಂ. ಮಾವ ಫೋನ್ ಮಾಡಿದ್ರು.”

“ಅಣ್ಣ ನನಗೂ ಫೋನ್ ಮಾಡಿದ್ದ.” ಲೋಟ ಇನ್ನೊಂದು ಸುತ್ತು ತಿರುಗಿತು. “ಶೈಲಾನ ಕೇಳ್ಯಾನ.”

ಶೈಲಶ್ರೀ ನನ್ನ ತಂಗಿ. ಮಾನ್ವಿಯ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು.

“ಯಾಕ ಕೇಳ್ಯಾರ?” ಎಂದೆ. ಗೊತ್ತಿದ್ದೂ ಕೇಳಿದೆ. ಆ ಮಾತನ್ನು ಅವಳ ಬಾಯಿಂದಲೇ ಬರಿಸಬೇಕಿತ್ತು.

“ಯಾಕ ಅಂದ್ರ? ಟಗರು ಹೋತು ಅಂದ್ರ ಇನ್ನೊಂದು ಬರಬೇಕಲ್ಲೇನವ್ವಾ? ಹೊರಗಿನಾಕಿ ಬಂದ್ರ ನಿನ್ನ ಹೊಸ್ತಿಲದಾಚಿ ಇಡ್ತಾಳ. ತಂಗಿ ಬಂದ್ರ ಅಕ್ಕನ್ನ ಬಿಡ್ತಾಳೇನು? ಆಕಿ ಹಡದದ್ದು ನಿನಗೂ ಅವ್ವಾ ಅಂತದ.”

“ಅಂವ ಸರ್ಕಾರಿ ನೌಕರಿಯಾಂವ. ಎರಡನೇ ಮದುವಿ ಮಾಡ್ಕೊಂಡ್ರ ನೌಕರಿ ಹೋಗ್ತದ.”

“ಅದಕ್ಕ ದೇವ್ರ ಮುಂದ ತಾಳಿ ಕಟ್ಟಿಸಿ ಸುಮ್ನಾಗೋದು. ಕಾಗದದಾಗ ನೀನ ಇರ್ತಿ.” ಅವಳು ಇದನ್ನೆಲ್ಲ ಮೊದಲೇ ಯೋಚಿಸಿ ಬಂದಿದ್ದಳು. “ಶೈಲಾ ಅತ್ಲು. ಆಮ್ಯಾಲೆ, ಅಕ್ಕನ ಮನಿ ಉಳೀತದ ಅಂದ್ರ ಆಗ್ಲಿ ಅಂದ್ಲು.”

ನನ್ನ ತಂಗಿ ಆಗಲಿ ಎಂದಳು ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. ಅವಳು ಬೇಡವೆಂದು ಕೂಗಾಡಿದ್ದರೆ ನಾನು ಇನ್ನೂ ಸ್ವಲ್ಪ ದಿನ ಸುಮ್ಮನಿರುತ್ತಿದ್ದೆನೇನೋ. ಅವಳ ಹೆಸರಿಗೂ ಒಂದು ಮರಿ ಕಟ್ಟುತ್ತಾರೆ. ಅದಕ್ಕೆ ಎರಡಲ್ಲು ಬರುತ್ತದೆ, ನಾಕಲ್ಲು ಬರುತ್ತದೆ. ಆಮೇಲೆ ನಳದ ಹತ್ತಿರ ಅವಳೂ ನಗಬೇಕು. ಮತ್ತು ನಾನು, ಕಾರಣ ಬಲ್ಲವಳು, ಅದೇ ಮನೆಯಲ್ಲಿ ಅವಳ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯಬೇಕು.

ಅವ್ವ ಹೋದ ಮರುದಿನ ಅಮೋಘಸಿದ್ದನಿಗೆ ವಾರದ ರಜೆ. ಹಿತ್ತಿಲಲ್ಲಿ ಕೂತು ತನ್ನ ಖಾಕಿ ಅಂಗಿಯ ಕಾಲರು ತಿಕ್ಕುತ್ತಿದ್ದ. ಚಿಕ್ಕಂದಿನಿಂದ ಒಟ್ಟಿಗೆ ಆಡಿದವರು ನಾವು. ಮನೆಯೊಳಗೆ ಇಬ್ಬರೇ ಇದ್ದಾಗ ಏಕವಚನದಲ್ಲೇ ಮಾತಾಡುತ್ತೇವೆ.

“ನಿನಗ ಗೊತ್ತಿತ್ತಾ, ಶೈಲಾನ ಮಾತು?”

ಅವನು ಬ್ರಶ್ಶು ನಿಲ್ಲಿಸಲಿಲ್ಲ. “ಅಪ್ಪ ಅಂದಿದ್ದ.”

“ನೀ ಏನಂದಿ?”

“ನಾ ಏನನ್ಲಿ?”

“ಒಲ್ಲೆ ಅನ್ನು.”

“ಯಾಕ ಒಲ್ಲಿ ಅಂತ ಕೇಳ್ತಾನಲ್ಲ.”

“ಖರೇನ ಹೇಳು. ಇವತ್ತ ಹೋಗೋಣ, ನಾನೂ ಬರ್ತೀನಿ. ನೀ ಬಾಯಿ ತೆಗಿಯಾಕ ಆಗದಿದ್ರ ನಾ ಹೇಳ್ತೀನಿ, ನೀ ಬಾಜೂಕ ಕುಂತ್ರ ಸಾಕು.”

ಅವನು ಅಂಗಿಯನ್ನು ಹಿಂಡಿದ, ಝಾಡಿಸಿದ, ತಂತಿಯ ಮೇಲೆ ಹಾಕಿ ಮಡಿಕೆ ಬಿಡಿಸಿದ. ನನ್ನ ಕಡೆ ಬೆನ್ನು ಮಾಡಿಯೇ ಅಂದ:

“ಆಕಿಗೆ ಆದ್ರೂ ಆಗಬಹುದು.”

ನನಗೆ ಮೊದಲು ಅರ್ಥವಾಗಲಿಲ್ಲ. “ಏನ್ ಆಗಬಹುದು?”

“ಡಾಕ್ಟ್ರು ಹೇಳಿದ್ದೆಲ್ಲಾ ಖರೇ ಆಗಬೇಕಂತ ಎಲ್ಲದ? ನನಗ ಯಾತರಾಗ ಕಮ್ಮಿ ಅದ ಹೇಳು. ಒಬ್ಬೊಬ್ಬರ ಮೈ ಒಬ್ಬೊಬ್ಬರಿಗೆ ಕೂಡತದ, ಕೂಡೋದಿಲ್ಲ.”

“ಅಮೋಘಾ, ನಾ ಕಣ್ಣಾರೆ ನೋಡೀನಿ. ಹೈದರಾಬಾದಾಗ ಕೊಯ್ದು ನೋಡ್ಯಾರ.”

“ನೋಡೀದಿ, ನೋಡೀದಿ! ಮನಿಯಾಗ ಗಂಡನ್ನ ನೋಡೋ ಕಣ್ಣು ಬ್ಯಾರೆ ಇರ್ತದ. ನೀ ಮದುವಿ ಆದಾಗಿಂದ ನನ್ನ ಗಾಜಿನ ಕೆಳಗ ಇಟ್ಟು ನೋಡಾಕತ್ತೀದಿ.”

ಖಾಲಿ ಬಕೆಟ್ಟು ಒದ್ದು ಹೊರಗೆ ಹೋದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ನಂಬಿದ್ದ, ಅಥವಾ ನಂಬಲು ಹೆಣಗುತ್ತಿದ್ದ. ಆ ನಂಬಿಕೆಗೆ ಬೇಕಾದದ್ದು ಇನ್ನೊಂದು ಹೆಣ್ಣು. ಆ ಹೆಣ್ಣು ನನ್ನ ತಂಗಿ.

ಮರುದಿನ ಲ್ಯಾಬಿಗೆ ರಜೆ ಹಾಕಿ, ಅವನ ಡ್ಯೂಟಿ ಇಲ್ಲದ ಬಸ್ಸು ನೋಡಿ ಹತ್ತಿದೆ. ಬಿಸಿಲು ಆಗಲೇ ಏರಿತ್ತು. ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ ವಾಕ್ಯವನ್ನು ಜೋಡಿಸುತ್ತ ಹೋದೆ. ವೃಷಣ ಎನ್ನಲೇ? ಆ ಶಬ್ದ ಅವರಿಗೆ ತಿಳಿಯುವುದಿಲ್ಲ. ತಿಳಿಯುವ ಶಬ್ದವನ್ನು ಸೊಸೆಯಾದವಳು ಮಾವನ ಮುಂದೆ ಹೇಗೆ ಆಡುವುದು? ಮಸರಕಲ್ ಬಂದಾಗಲೂ ನನ್ನ ಬಳಿ ವಾಕ್ಯ ಇರಲಿಲ್ಲ.

ಮಾವ ಹಟ್ಟಿಯ ತಗಡಿನ ನೆರಳಲ್ಲಿ ಟಗರಿನ ಹತ್ತಿರ ಕೂತಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರ ದಿನವೆಲ್ಲ ಅಲ್ಲಿಯೇ. ಟಗರು ಮುಂಗಾಲು ಮಡಿಚಿ ಮಲಗಿತ್ತು. ಕೊಂಬು ಎರಡು ಸುತ್ತು ಸುತ್ತಿ ಕೆನ್ನೆಗೆ ಒತ್ತುತ್ತಿತ್ತು. ಮಾವ ಜೋಳದ ಗಂಜಿಯನ್ನು ಬೆರಳಿನಿಂದ ಅದರ ಬಾಯಿಗೆ ಸವರುತ್ತಿದ್ದರು.

“ಬಾರ್ಬೇ ಯವ್ವಾ. ನೋಡು, ನಿನ್ನ ದಾರೀನ ಕಾಯಾಕತ್ತದ. ಒಬ್ಬಾಕಿನ ಬಂದಿ?”

“ಹೂಂ ಮಾವ.”

ಅವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಟಗರನ್ನು ಹೊರಳಿಸಿದರು. ಒಂದೇ ಮಗ್ಗುಲಲ್ಲಿ ಮಲಗಿ ಹಿಂತೊಡೆಯಲ್ಲಿ ಹುಣ್ಣಾಗಿ ಹುಳು ಬಿದ್ದಿತ್ತು. ಅದನ್ನು ತೊಳೆಯಲು ಮಾವ ಹಿಂಗಾಲು ಎತ್ತಿ ಉಣ್ಣೆ ಸರಿಸಿದರು. ಆಗ ನಾನು ನೋಡಿದೆ. ಟಗರಿನ ಹಿಂಗಾಲುಗಳ ನಡುವೆ ತೂಗಬೇಕಾದದ್ದು ತೂಗುತ್ತಿರಲಿಲ್ಲ. ಸುಕ್ಕುಗಟ್ಟಿದ ಸಣ್ಣ ಖಾಲಿ ಚೀಲ ಮಾತ್ರ ಇತ್ತು. ಅಷ್ಟು ವರ್ಷ ಹಬ್ಬಕ್ಕೊಮ್ಮೆ ಬಂದು ಹಣೆಗೆ ಅರಿಶಿನ ಹಚ್ಚಿ ಹೋದವಳು ನಾನು. ಉಣ್ಣೆಯ ಕೆಳಗೆ ಎಂದೂ ನೋಡಿರಲಿಲ್ಲ.

“ಇದಕ್ಕ ಶೀಲ ಮಾಡ್ಸಿದ್ರೇನ್ರೀ ಮಾವ?” ಎಂದೆ. ಬೀಜ ಒಡೆಸಿದ್ದಿರಬಹುದು ಎಂದುಕೊಂಡೆ.

“ಶೀಲ ಮಾಡೋದಿಲ್ಲ ಇಂಥವಕ್ಕ. ಇದು ಒಳಬೀಜದ್ದು. ಹುಟ್ಟಿದಾಗಿಂದ ಹೊಟ್ಟ್ಯಾಗ ಅವ, ಇಳದಿಲ್ಲ.” ಅವರು ಬೇವಿನ ನೀರಲ್ಲಿ ಬಟ್ಟೆ ಅದ್ದಿ ಹುಣ್ಣು ಒರೆಸುತ್ತಲೇ ಹೇಳಿದರು. ಅದು ಅವರ ಕಸುಬಿನ ಮಾತು, ಅದರಲ್ಲಿ ನಾಚಿಕೆ ಇರಲಿಲ್ಲ. “ಭಾಳ ಗಟ್ಟಿ ಇರ್ತಾವ ಯವ್ವಾ ಇವು. ಕಣಕ್ಕ ಬಿಟ್ರ ಹಿಂದ ಸರಿಯೋದಿಲ್ಲ. ಮಾನ್ವಿಯ ಗುಲಾಮ್ ದಸ್ತಗೀರ್ ಹುಡುಕ್ಯಾಡಿ ಇಂಥವನ್ನ ಒಯ್ತಾನ, ಕಾಳಗಕ್ಕ. ನಿನಗ ಕಟ್ಟಬೇಕಂತ ನಾನು ಕುರಿಮಂದ್ಯಾಗ ಆರಿಸಿ ಇದನ್ನ ಇಟ್ಟಿದ್ದೆ.”

“ನನಗ ಇದ ಯಾಕ ಕಟ್ಟಿದ್ರಿ?”

“ಗಟ್ಟಿ ಇರ್ತದಂತ. ಜಾವಳದ ಮಟ ಸಾಯಬಾರದಂತ.”

ಗಂಜಿಯ ತಟ್ಟೆಯನ್ನು ನಾನು ಕೆಳಗಿಟ್ಟೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ನನಗೆ ವಾಕ್ಯ ಸಿಕ್ಕಿತ್ತು. ಅದು ಹೀಗೆ ಸಿಗಬಾರದಿತ್ತು.

“ಮಾವ, ಈ ಟಗರಿಗೆ ಎಷ್ಟು ಮರಿ ಹುಟ್ಟ್ಯಾವ?”

ಅವರು ನಕ್ಕರು. “ಇದಕ್ಕೆಲ್ಲಿ ಮರಿ? ಹತ್ತೋದೇನ ಹತ್ತತದ, ಕುರಿಗಳು ಹಂಗ ಉಳೀತಾವ. ಅದಕ್ಕ ಇವನ್ನ ಕುರಿಮಂದಿಗೆ ಬಿಡೋದಿಲ್ಲ.”

“ಯಾವ ಒಳಬೀಜದ್ದಕ್ಕೂ ಆಗೋದಿಲ್ಲೇನು?”

“ಒಂದು ಇಳದು ಒಂದು ಉಳದಿದ್ರ ಆಗ್ತಾವ. ಎರಡೂ ಒಳಗಿದ್ರ ಇಲ್ಲ. ಯಾಕಂತ ನನಗೇನು ಗೊತ್ತವ್ವಾ, ಆಗೋದಿಲ್ಲ, ಅಷ್ಟ.” ಬಟ್ಟೆಯನ್ನು ಮತ್ತೆ ಅದ್ದಲು ಕೈ ಚಾಚಿದರು.

“ನಿಮ್ಮ ಮಗಗೂ ಎರಡೂ ಒಳಗಿದ್ದುವು ಮಾವ.”

ಬಟ್ಟೆ ಹಿಡಿದ ಕೈ ನೀರಿನ ಬೋಗುಣಿಯಲ್ಲೇ ನಿಂತಿತು. ಆಮೇಲೆ ಟಗರಿನ ಹಿಂಗಾಲನ್ನು ಮೆಲ್ಲಗೆ ಕೆಳಗಿಟ್ಟು ಉಣ್ಣೆಯನ್ನು ಎಳೆದು ಮುಚ್ಚಿದರು.

“ಮಾನ್ವ್ಯಾಗ ಒಬ್ಬ ಡಾಕ್ಟ್ರಿದ್ದ,” ಎಂದರು. ದನಿ ನನ್ನ ಕಡೆ ಇರಲಿಲ್ಲ. “ಕೂಸಿಗೆ ಜ್ವರ ಬಂದಿತ್ತಂತ ಒಯ್ದಿದ್ವಿ. ಅವ ನೋಡಿ, ಇದಕ್ಕ ಆಪರೇಶನ್ ಮಾಡಬೇಕು, ರಾಯಚೂರಿಗೆ ಒಯ್ರಿ ಅಂದ. ನಿಮ್ಮತ್ತಿ ಅತ್ಲು. ನಾ ನಕ್ಕೆ. ಹುಚ್ಚಿ, ಇಂಥವು ಗಟ್ಟಿ ಇರ್ತಾವ, ನನ್ನ ಮಗ ಕುಸ್ತಿ ಹಿಡೀತಾನ ಅಂದೆ. ಹಟ್ಟಿಗೆ ಬಂದು ನಾಕು ಮಂದಿಗೆ ಹೇಳ್ಕೊಂಡೆ.”

“ಮತ್ತ ಮರಿ ಆಗೋದಿಲ್ಲಂತ ಗೊತ್ತಿತ್ತಲ್ಲ?”

“ಅದು ಕುರೀದು ಅನಕೊಂಡೆ.” ಈಗ ನನ್ನ ಮುಖ ನೋಡಿದರು. “ಗಟ್ಟಿ ಇರೋದು ಮನಶಾಗೂ ಬರ್ತದ, ಇದು ಮನಶಾಗ ಬರೋದಿಲ್ಲ ಅನಕೊಂಡೆ. ಹೆಂಗ ಅನಕೊಂಡೆ ಯವ್ವಾ?”

ಅರ್ಧ ತಿಳಿವನ್ನು ಬೇಕಾದ ಕಡೆ ಹಚ್ಚಿ, ಉಳಿದರ್ಧವನ್ನು ಬೇಡವಾದಲ್ಲಿ ಬಿಡುವುದು ಓದಿದವರಲ್ಲೂ ಇದೆ. ಅಮೋಘಸಿದ್ದ ಅಂಗಿ ಒಣಹಾಕುತ್ತ ಮಾಡಿದ್ದೂ ಅದನ್ನೇ.

“ಈಗ ಮಾಡಿಸಿದ್ರ?” ಎಂದರು. “ಆಪರೇಶನ್ನು. ಕುರಿಮಂದಿ ಮಾರ್ತೀನಿ.”

“ಆಗೇದ ಮಾವ. ಅಪೆಂಡಿಕ್ಸ್ ಅಂತ ಹೇಳಿದ್ವಲ್ಲ, ಅದ. ತಡ ಆಗಿತ್ತು.”

“ಅಪೆಂಡಿಕ್ಸ್,” ಎಂದು ಅವರು ಆ ಶಬ್ದವನ್ನು ಒಡೆದು ಒಡೆದು ಹೇಳಿದರು. “ನಾ ಆಗ ಎಳೆನೀರು ತಗೊಂಡು ಬಂದಿದ್ದೆ.”

“ಹೂಂ.”

ಬೋಗುಣಿಯ ನೀರು ಚೆಲ್ಲಿ ಎದ್ದರು. “ಶೈಲಾನ ಮಾತು ಬಿಟ್ಟೆ. ನಿಮ್ಮವ್ವಗ ನಾನ ಹೇಳ್ತೀನಿ. ನನಗ ಗೊತ್ತಾತು ಅಂತ ಅವಗ ಹೇಳಬ್ಯಾಡ.” ಮಗ ಅಪ್ಪನಿಗೆ ಹೇಳಬೇಡ ಎಂದಿದ್ದ. ಈಗ ಅಪ್ಪ ಮಗನಿಗೆ ಹೇಳಬೇಡ ಎಂದರು.

ಟಗರು ಮೂರನೆಯ ದಿನ ಸತ್ತಿತು. ಊರಲ್ಲಿ ಮಾತಾದದ್ದು ಅದು ಸತ್ತದ್ದಲ್ಲ, ಮಾವ ಅದನ್ನು ಚರ್ಮ ಕೂಡ ಸುಲಿಯದೆ, ಕೊಂಬು ಕೂಡ ಕೊಯ್ಯದೆ, ತಾವೇ ಗುಂಡಿ ತೋಡಿ ಹೂತರೆಂಬುದು. ಕುರಿಗಾರ ಚರ್ಮ ಮಣ್ಣಿಗೆ ಹಾಕುತ್ತಾನೆಯೇ? ಅಣ್ಣ ಮಾತು ಯಾಕೆ ಮುರಿದ ಎಂದು ತಿಳಿಯದೆ ಅವ್ವ ನನ್ನ ಮೇಲೆ ಹರಿಹಾಯ್ದಳು. “ನೀನ ಏನೋ ಊದೀದಿ ಅಣ್ಣನ ಕಿವ್ಯಾಗ. ತಾನೂ ಹಡಿಲಿಲ್ಲ, ತಂಗೀಗೂ ಬಿಡಲಿಲ್ಲ!” ನಾನು ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು ಕೇಳಿದೆ. ಅವಳಿಗೆ ಕಾರಣ ಹೇಳಿದರೆ ಅದು ಮಾನ್ವಿಯಿಂದ ಮಸರಕಲ್‌ಗೆ ಎರಡು ದಿನದಲ್ಲಿ ಹೋಗುತ್ತಿತ್ತು. ಹೇಳಲಿಲ್ಲ.

ಅಮೋಘಸಿದ್ದನಿಗೆ ಯಾರೂ ಹೇಳಲಿಲ್ಲ. ಆದರೂ ತಿಳಿಯಿತು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

“ಇವತ್ತು ಅಪ್ಪ ದೇವದುರ್ಗದ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಕಟ್ಟಿ ಮ್ಯಾಲೆ ಕುಂತಿದ್ದ. ನಾ ಗಾಡಿ ಹಚ್ಚೂತನ ಕುಂತು, ಹತ್ತಿರ ಬಂದು, ಉಂಡಿಯೇನಪ್ಪಾ ಅಂದ.”

ನಾನು ಒಲೆಯ ಉರಿ ಸಣ್ಣ ಮಾಡಿದೆ.

“ಹುಟ್ಟಿದಾಗಿಂದ ಕೇಳಿಲ್ಲ ಅವ. ಲೇ ಅನ್ನಾಂವ. ಇವತ್ತು ಅಪ್ಪಾ ಅಂದ. ಹೆಗಲ ಮ್ಯಾಲೆ ಕೈ ಇಟ್ಟ. ಬ್ಯಾನಿ ಬಿದ್ದ ಮರಿ ಮುಟ್ಟತಾನಲ್ಲ, ಹಂಗ ಮುಟ್ಟಿದ.” ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. “ಹೇಳೀದಿ, ಹೌದಿಲ್ಲೋ?”

“ಹೇಳೀನಿ.”

“ನಾ ಬ್ಯಾಡಂದಿದ್ದೆ.”

“ಶೈಲಾನ ಬಾಳು ಹೋಗ್ತಿತ್ತು ಅಮೋಘಾ.”

“ನನಗ ಉಳದಿದ್ದ ಅದೊಂದ ಇತ್ತು,” ಎಂದ. ಕೂಗಲಿಲ್ಲ; ಕೂಗಿದ್ದರೆ ಚೆನ್ನಾಗಿತ್ತು. “ಡಾಕ್ಟ್ರಿಗೆ ಗೊತ್ತು, ನಿನಗ ಗೊತ್ತು, ನನಗ ಗೊತ್ತು. ಅಪ್ಪನ ಕಣ್ಣಾಗ ಒಂದ ನಾ ಗಂಡಸಿದ್ದೆ. ಅದನ್ನೂ ಬಿಡಲಿಲ್ಲ ನೀ.”

ಆ ತಿಂಗಳೇ ದೇವದುರ್ಗ ಡಿಪೋಕ್ಕೆ ವರ್ಗ ಮಾಡಿಸಿಕೊಂಡ. ಡಿಪೋದ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದ. ಜಗಳವಿಲ್ಲ, ಕೋರ್ಟಿಲ್ಲ. ಕಾಗದದಲ್ಲಿ ನಾನೇ ಇದ್ದೇನೆ. ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕಲ್ಲ, ಆ ದಿನ ಹತ್ತಿರ ಬಂದಾಗ ಫೋನು ಮಾಡುತ್ತೇನೆ. “ಸ್ಕ್ಯಾನಿಂಗ್ ಮಾಡಿಸ್ಕೋ,” ಎನ್ನುತ್ತೇನೆ. “ನೋಡೋಣು,” ಎನ್ನುತ್ತಾನೆ. ಮಾಡಿಸಿಲ್ಲ.

ಮರುವರ್ಷ ಶೈಲಶ್ರೀಯ ಮದುವೆ ಮಾನ್ವಿಯಲ್ಲಾಯಿತು. ಹುಡುಗ ಸಿದ್ರಾಮ, ಪ್ರಾಥಮಿಕ ಶಾಲೆಯ ಮಾಸ್ತರ. ಹಂದರದಲ್ಲಿ ಅವಳು ನನ್ನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಅವಳನ್ನು ಫೋಟೋಕ್ಕೆ ಎಳೆದುಕೊಂಡು ಹೋದರು. ಅವಳಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ, ನಾನು ಕೇಳಿಲ್ಲ.

ಅಮೋಘಸಿದ್ದನೂ ಬಂದಿದ್ದ. ಬರದಿದ್ದರೆ ಜನ ಮಾತಾಡುತ್ತಾರೆ. ಅಂಗಿಯ ತೋಳು ಮಡಿಚಿ, ಸಾರಿನ ಬಕೆಟ್ಟು ಹಿಡಿದು ಊಟದ ಸಾಲಿನಲ್ಲಿ ನೀಡುತ್ತಿದ್ದ. ಸಣ್ಣಗಾಗಿದ್ದ.

ತಾಳಿ ಕಟ್ಟಿದ ಮೇಲೆ ಮಾವ ಮರಿ ಹೊತ್ತುಕೊಂಡು ಬಂದರು. ಸೋದರಮಾವ ಅವರೇ ತಾನೇ. ಹಾಲು ಬಿಟ್ಟು ಎರಡು ತಿಂಗಳಾದ ಕರಿ ಮರಿ, ಕೊರಳಿಗೆ ಹೂವಿನ ಸರ. ಶೈಲಶ್ರೀಯ ಮುಂದೆ ಬಂದು ಹಗ್ಗವನ್ನು ಅವಳ ಕೈಗೆ ಕೊಡಬೇಕು, ಅಷ್ಟೇ ಶಾಸ್ತ್ರ. ಮಾವ ಕೊಡಲಿಲ್ಲ. ಅಷ್ಟು ಜನರ ನಡುವೆ ನಿಂತು, ಮರಿಯನ್ನು ಎದೆಗೆ ಒತ್ತಿಕೊಂಡು, ಬಲಗೈಯನ್ನು ಅದರ ಹಿಂಗಾಲುಗಳ ನಡುವೆ ಹಾಕಿ ಹಿಡಿದು ನೋಡಿದರು. ಕೈ ಬಿಟ್ಟರು. ನಂಬಿಕೆ ಬಾರದವರಂತೆ ಮತ್ತೆ ಹಾಕಿದರು. ಅವರ ಕಣ್ಣುಗಳು ಮುಚ್ಚಿದ್ದವು. ಬೆರಳುಗಳು ಮಾತ್ರ ಮೆಲ್ಲಗೆ, ಒಂದನ್ನು ಬಿಟ್ಟು ಇನ್ನೊಂದನ್ನು, ಹುಡುಕುತ್ತಿದ್ದವು.

ಮೊದಲ ಸಾಲಿನಲ್ಲಿ ಉಣ್ಣಲು ಕೂತಿದ್ದ, ಕಾಳಗಕ್ಕೆ ಟಗರು ಒಯ್ಯುವ ಗುಲಾಮ್ ದಸ್ತಗೀರ್ ಕೂಗಿದ: “ಏ ದುರುಗಪ್ಪಣ್ಣಾ! ಮರಿ ಆಹೇರು ಕೊಡಾಕ ಬಂದೀಯೋ, ನನಗ ಮಾರಾಕ ಬಂದೀಯೋ? ಮದುವ್ಯಾಗೂ ಹಿಂಡಿ ಹಿಂಡಿ ನೋಡ್ತೀಯಲ್ಲೋ ಮಾರಾಯಾ!”

“ನೋಡ್ಲಿ ಬಿಡಪ್ಪಾ, ಮಾಸ್ತರ ಮನಿಗೆ ಹೊಂಟದ. ಮಾಲು ಪಾಸಾಗಿ ಹೋಗಬೇಕು!” ಎಂದ ಮತ್ತೊಬ್ಬ. ಹಂದರವೆಲ್ಲ ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮದುಮಗ ಕೂಡ ನಾಚಿ ತಲೆ ತಗ್ಗಿಸಿ ನಕ್ಕ. ಮಾವ ಕಣ್ಣು ತೆರೆದು, ಯಾಕೆ ನಗುತ್ತಿದ್ದಾರೆಂದು ತಿಳಿಯದವರಂತೆ ಸುತ್ತ ನೋಡಿದರು. ಅವರ ನೋಟ ಜನರನ್ನು ದಾಟಿ ಊಟದ ಸಾಲಿಗೆ ಬಂದು ಅಲ್ಲಿ ಮಗನ ಮೇಲೆ ನಿಂತಿತು.

ಅಮೋಘಸಿದ್ದ ಬಕೆಟ್ಟನ್ನು ನೆಲಕ್ಕಿಟ್ಟ. ಸೌಟನ್ನು ಅದರೊಳಗೆ ಬಿಟ್ಟ. ಯಾರ ಮುಖವನ್ನೂ ನೋಡದೆ, ಹಂದರದ ಕಂಬಗಳ ನಡುವಿನಿಂದ ರಸ್ತೆಯ ಬಿಸಿಲಿಗೆ ಇಳಿದು ಬಸ್‌ಸ್ಟ್ಯಾಂಡಿನ ಕಡೆ ಹೋದ.

“ಯಾರ್ರೀ ಸಾರು? ಈ ಕಡೆ ಬರ್ರಿ,” ಎಂದು ಸಾಲಿನ ತುದಿಯಿಂದ ಒಬ್ಬರು ಕರೆದರು. ತಾಟಿನ ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯುತ್ತಿದ್ದರು. ನಾನು ಹೋಗಿ ಬಕೆಟ್ಟು ಎತ್ತಿಕೊಂಡೆ.